ಕಡಲಿನ ಕೂಲಿ, ಕಡಲಿನ ಕಾನೂನು
(ತೋಟ ಕಾರ್ಮಿಕರ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬೆಟ್ಟದ ಮೇಲೆ ಕೂತವರಿಗೆ ಕಡಲಿನ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಪಕ್ಕದವರ ಕಿವಿಯಲ್ಲಿ ಹೇಳಿಕೊಂಡದ್ದಾಗಿದೆ. ಕಾರಣ ಇದೆ. ಪೇಟೆಯ ಬಸ್ ಸ್ಟ್ಯಾಂಡಿನ ಗೋಡೆ ನೋಡಿದ್ದೀರಲ್ಲ? ಹತ್ತನೇ ಕ್ಲಾಸು ಪಾಸಾದವರಿಗೆ ಹಡಗಿನಲ್ಲಿ ಕೆಲಸ, ಡಾಲರಿನಲ್ಲಿ ಸಂಬಳ, ಊಟ ವಸತಿ ಉಚಿತ ಎಂದು ನೋಟೀಸು ಅಂಟಿಸಿದ್ದಾರೆ. ನಮ್ಮ ಲೈನು ಮನೆಗಳ ಹುಡುಗರು ಅದರ ಮುಂದೆ ನಿಂತು ಫೋನ್ ನಂಬರು ಬರೆದುಕೊಳ್ಳುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅವರನ್ನು ಬೈಯುವ ಹಾಗಿಲ್ಲ. ತೋಟದಲ್ಲಿ ಹೊಸಬರಿಗೆ ಚೆಕ್‌ರೋಲಿನಲ್ಲಿ ಜಾಗವಿಲ್ಲ, ಎಲೆಯ ಕೆಲಸ ಅವರಿಗೆ ಬೇಕಾಗಿಯೂ ಇಲ್ಲ. ಆದರೆ ಫೋನ್ ಮಾಡುವ ಮೊದಲು ಹಡಗಿನ ಕೆಲಸ ಎಂದರೆ ಏನು, ಅದಕ್ಕೆ ಯಾವ ಕಾಗದ ಬೇಕು, ಆ ಕಾಗದ ಯಾಕೆ ಹುಟ್ಟಿತು ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ಇಂದು ನಾವು ಹೇಳಲಿಕ್ಕೆ ಬಂದದ್ದು ಅದನ್ನೇ.

ಮೊದಲು ಒಂದು ಗೆರೆಯ ಕಥೆ. ಮಂಗಳೂರಿನ ಪಣಂಬೂರಿಗೋ ಕೊಚ್ಚಿಗೋ ಹೋದವರು ಸರಕು ಹಡಗಿನ ಮೈಮೇಲೆ, ಸರಿಯಾಗಿ ನಡುವಿನಲ್ಲಿ, ಒಂದು ವೃತ್ತವನ್ನೂ ಅದನ್ನು ಸೀಳಿದಂತೆ ಒಂದು ಅಡ್ಡಗೆರೆಯನ್ನೂ ನೋಡಿರಬಹುದು. ಪಕ್ಕದಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಚಿಕ್ಕ ಚಿಕ್ಕ ಗೆರೆಗಳೂ ಇರುತ್ತವೆ. ಅದು ಅಲಂಕಾರವಲ್ಲ. ಸರಕು ತುಂಬಿದಷ್ಟೂ ಹಡಗು ನೀರಿನಲ್ಲಿ ಕೆಳಗೆ ಇಳಿಯುತ್ತದೆ. ನೀರು ಆ ಗೆರೆಯನ್ನು ಮುಟ್ಟಿತೋ, ತುಂಬುವುದು ನಿಲ್ಲಬೇಕು. ಬೇಸಿಗೆಯ ಕಡಲಿಗೆ ಒಂದು ಗೆರೆ, ಚಳಿಗಾಲಕ್ಕೆ ಅದಕ್ಕಿಂತ ಕೆಳಗೆ ಇನ್ನೊಂದು, ನಮ್ಮ ಕಡೆಯ ಉಷ್ಣ ಕಡಲಿಗೆ ಸ್ವಲ್ಪ ಮೇಲೆ ಒಂದು. ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುವುದರಿಂದ ಅದಕ್ಕೂ ಬೇರೆ ಗೆರೆ. ಚಳಿಗಾಲದ ಉತ್ತರ ಅಟ್ಲಾಂಟಿಕ್ ಎಂದರೆ ಅಷ್ಟು ಭಯಂಕರ. ಅಲ್ಲಿ ಹೋಗುವ ಸಣ್ಣ ಹಡಗುಗಳಿಗೆ ಎಲ್ಲಕ್ಕಿಂತ ಕೆಳಗಿನ ಗೆರೆ.

ಈ ಗೆರೆ ಬರುವುದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹಡಗಿನ ಯಜಮಾನರು ಮನಸ್ಸಿಗೆ ಬಂದಷ್ಟು ತುಂಬಿಸುತ್ತಿದ್ದರು. ಹಳೆಯ, ಕೊಳೆತ ಹಡಗಿಗೂ ವಿಮೆ ಇಳಿಸಿ ಕಳುಹಿಸುತ್ತಿದ್ದರು. ಹಡಗು ದಡ ಸೇರಿದರೆ ಸರಕಿನ ಲಾಭ, ಮುಳುಗಿದರೆ ವಿಮೆಯ ಹಣ. ಖಲಾಸಿಗೆ ಮಾತ್ರ ಎರಡನೆಯ ದಾರಿ ಇರಲಿಲ್ಲ. ಒಮ್ಮೆ ರುಜು ಹಾಕಿದ ಮೇಲೆ ಹಡಗಿನ ಸ್ಥಿತಿ ನೋಡಿ ಹೆದರಿ ಹತ್ತದೆ ನಿಂತರೆ ಅವನನ್ನು ಜೈಲಿಗೆ ಹಾಕುವ ಕಾನೂನಿತ್ತು. ಶವಪೆಟ್ಟಿಗೆ ಹಡಗುಗಳು ಎಂದೇ ಜನ ಅವನ್ನು ಕರೆಯುತ್ತಿದ್ದರು.

ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬಾತ ಕಲ್ಲಿದ್ದಲು ವ್ಯಾಪಾರಿ. ಡರ್ಬಿ ಊರಿನಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದವನು. ಸ್ವತಃ ನಾವಿಕನಲ್ಲ. 1873ರಲ್ಲಿ ಖಲಾಸಿಗಳ ಸ್ಥಿತಿಯ ಮೇಲೆ ಪುಸ್ತಕ ಬರೆದ. ಹಡಗು ಯಜಮಾನರು ಅವನ ಮೇಲೆ ಕೇಸು ಹಾಕಿದರು. 1875ರ ಜುಲೈಯಲ್ಲಿ ಸರಕಾರ ಈ ವಿಷಯದ ಮಸೂದೆಯನ್ನು ಕೈಬಿಡುತ್ತದೆ ಎಂದು ಗೊತ್ತಾದಾಗ ಆತ ಸಭೆಯಲ್ಲೇ ಎದ್ದು ನಿಂತು, ಮುಷ್ಟಿ ಬಿಗಿದು, ನಾವಿಕರನ್ನು ಸಾವಿಗೆ ಕಳುಹಿಸುವ ನೀಚರು ಈ ಸಭೆಯಲ್ಲೇ ಇದ್ದಾರೆ ಎಂಬ ಅರ್ಥದಲ್ಲಿ ಕೂಗಾಡಿದ. ಆಮೇಲೆ ಸಭೆಯ ಕ್ಷಮೆ ಕೇಳಬೇಕಾಯಿತು. ಆದರೆ ಹೊರಗಿನ ಜನ ಎದ್ದು ನಿಂತಿದ್ದರು. 1876ರಲ್ಲಿ ಕಾನೂನು ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1876ರ ಕಾನೂನು ಗೆರೆ ಇರಬೇಕು ಎಂದಿತು. ಎಲ್ಲಿ ಇರಬೇಕು ಎನ್ನಲಿಲ್ಲ! ಅದನ್ನು ಯಜಮಾನನಿಗೇ ಬಿಟ್ಟಿತು. ಒಬ್ಬ ಕಪ್ತಾನ ಗೆರೆಯನ್ನು ಹಡಗಿನ ಹೊಗೆಕೊಳವೆಯ ಮೇಲೆ ಬಳಿಸಿದ ಎಂಬ ಕಥೆಯೂ ಉಂಟು. ಎಲೆ ತೂಗುವ ಹೊತ್ತಿಗೆ ತಕ್ಕಡಿ ಯಾರ ಕಡೆಯವರ ಕೈಯಲ್ಲಿರುತ್ತದೆ, ಚೀಲದ ತೂಕವೆಂದು, ನೀರಿನ ತೂಕವೆಂದು ಎಷ್ಟು ಕಳೆಯುತ್ತಾರೆ ಎಂಬುದನ್ನು ಬಲ್ಲ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆರೆಯ ಜಾಗವನ್ನು ಕಾನೂನೇ ಗೊತ್ತುಮಾಡಲಿಕ್ಕೆ ಇನ್ನೂ ಹದಿನಾಲ್ಕು ವರ್ಷ, ಅಂದರೆ 1890ರ ತನಕ ಕಾಯಬೇಕಾಯಿತು. 1930ರಲ್ಲಿ ಹಲವು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡವು. ಈಗ ಇರುವುದು 1966ರ ಒಪ್ಪಂದ. ಇಂದಿಗೂ ಆ ಗುರುತಿಗೆ ಪ್ಲಿಮ್ಸಾಲ್ ಗೆರೆ ಎಂದೇ ಹೆಸರು. ಬೆಳಿಗ್ಗೆ ನಮ್ಮನ್ನು ಬೇರೆ ಡಿವಿಷನ್ನಿಗೆ ಸಾಗಿಸುವ ಜೀಪಿಗೂ ಅಂಥದೊಂದು ಗೆರೆ ಯಾರಾದರೂ ಎಳೆದಾರೇ ಎಂದು ನಾವು ಕಾಯುತ್ತಿದ್ದೇವೆ. ಅದು ಇನ್ನೊಂದು ದಿನದ ಮಾತು.

ಟೈಟಾನಿಕ್ ಹಡಗಿನ ಸಂಗತಿ ಸಿನಿಮಾದಿಂದಾಗಿ ಮಕ್ಕಳಿಗೂ ಗೊತ್ತು. ಸಿನಿಮಾ ಹೆಚ್ಚು ಹೇಳದ ಒಂದು ಅಂಶವನ್ನಷ್ಟೇ ಹೇಳುತ್ತೇವೆ. 1912ರ ಏಪ್ರಿಲ್ 15ರಂದು ಅದು ಮುಳುಗಿದಾಗ ಅದರಲ್ಲಿ 2,200ಕ್ಕೂ ಹೆಚ್ಚು ಜನರಿದ್ದರು. ದೋಣಿಗಳಲ್ಲಿ ಇದ್ದದ್ದು 1,178 ಜನರಿಗೆ ಜಾಗ. 1,500ರಷ್ಟು ಜನ ಸತ್ತರು. ಆದರೂ ದೋಣಿಗಳ ವಿಷಯದಲ್ಲಿ ಆ ಹಡಗು ಕಾನೂನು ಮುರಿದಿರಲಿಲ್ಲ. ಎಷ್ಟು ಟನ್ನಿನ ಹಡಗಿಗೆ ಎಷ್ಟು ದೋಣಿ ಎಂಬ ಪಟ್ಟಿ 1894ರ ಕಾಲದ್ದು. ಅದು 10,000 ಟನ್ನಿಗೆ ನಿಂತುಬಿಟ್ಟಿತ್ತು. ಅದರ ಪ್ರಕಾರ 16 ದೋಣಿ ಸಾಕು. 46,000 ಟನ್ನಿನ ಟೈಟಾನಿಕ್‌ನಲ್ಲಿ 20 ಇದ್ದವು. ಹಡಗು ಬೆಳೆಯಿತು, ಕಾನೂನು ಬೆಳೆಯಲಿಲ್ಲ. ದೋಣಿ ಇಳಿಸುವ ಅಭ್ಯಾಸವೂ ಸರಿಯಾಗಿ ಆಗಿರಲಿಲ್ಲ. 65 ಜನ ಹಿಡಿಸುವ ಒಂದು ದೋಣಿ ಕೇವಲ 28 ಮಂದಿಯನ್ನು ಹೊತ್ತು ಹೊರಟಿತು. ಹತ್ತಿರದಲ್ಲೇ ಇದ್ದ ಇನ್ನೊಂದು ಹಡಗಿನ ಒಬ್ಬನೇ ತಂತಿ ನೌಕರ ದಿನವೆಲ್ಲ ದುಡಿದು ಮಲಗಿಬಿಟ್ಟಿದ್ದ.

ಅದರ ಮೇಲೆ ಲಂಡನ್ನಿನಲ್ಲಿ ದೇಶಗಳೆಲ್ಲ ಸೇರಿ 1914ರಲ್ಲಿ ಕಡಲಿನಲ್ಲಿ ಜೀವರಕ್ಷಣೆಯ ಒಪ್ಪಂದ ಮಾಡಿದವು. ಅದನ್ನು ಸೋಲಾಸ್ ಎನ್ನುತ್ತಾರೆ. ಯುದ್ಧ ಬಂದು ಅದು ಹಾಗೆಯೇ ಉಳಿಯಿತು. ಮತ್ತೆ 1929, 1948, 1960, ಕೊನೆಗೆ 1974. ಈಗ ನಡೆಯುತ್ತಿರುವುದು 1974ರದೇ, ತಿದ್ದುಪಡಿಗಳ ಸಮೇತ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಅದರಲ್ಲಿ ನಮ್ಮ ಹುಡುಗರಿಗೆ ನೇರವಾಗಿ ತಟ್ಟುವ ಎರಡು ಮಾತು: ಪ್ರತಿಯೊಬ್ಬ ಕೆಲಸಗಾರನೂ ತಿಂಗಳಿಗೆ ಒಂದು ಸಲವಾದರೂ ಹಡಗು ಬಿಡುವ ಅಭ್ಯಾಸ, ಬೆಂಕಿ ಆರಿಸುವ ಅಭ್ಯಾಸ ಎರಡರಲ್ಲೂ ಭಾಗವಹಿಸಬೇಕು. ಮತ್ತೆ, ಎಡಬಲ ದೋಣಿ ಕಟ್ಟಿರುವ ಸರಕು ಹಡಗಿನಲ್ಲಿ ಒಂದು ಬದಿಯ ದೋಣಿಗಳೇ ಎಲ್ಲರಿಗೂ ಸಾಕಾಗಬೇಕು. ಯಾಕೆಂದರೆ ಹಡಗು ಒಂದು ಪಕ್ಕಕ್ಕೆ ವಾಲಿದಾಗ ಇನ್ನೊಂದು ಪಕ್ಕದ ದೋಣಿ ನೀರಿಗೆ ಇಳಿಯದೇ ಹೋಗಬಹುದು.

ಇನ್ನು ಕಾಗದಪತ್ರದ ವಿಷಯ. ದೋಣಿ, ಗೆರೆ, ರೇಡಿಯೋ ಎಲ್ಲ ಇದ್ದರೂ ನಡೆಸುವವನಿಗೆ ಕೆಲಸ ಗೊತ್ತಿಲ್ಲದಿದ್ದರೆ ಏನು ಗತಿ? 1967ರ ಮಾರ್ಚ್ 18ರಂದು ಟೋರಿ ಕ್ಯಾನ್ಯನ್ ಎಂಬ ಎಣ್ಣೆ ಹಡಗು ಇಂಗ್ಲೆಂಡಿನ ತುದಿಯಲ್ಲಿ ಬಂಡೆಗೆ ಹೊಡೆಯಿತು. ಸಮಯ ಉಳಿಸಲೆಂದು ಹತ್ತಿರದ ದಾರಿ ಹಿಡಿದಿತ್ತು. ಒಂದು ಲಕ್ಷ ಟನ್ನಿಗೂ ಹೆಚ್ಚು ಎಣ್ಣೆ ಕಡಲು ಸೇರಿತು. ಆಮೇಲೆ ದೇಶಗಳು ನಾವಿಕರ ತರಬೇತಿಯ ಕಡೆ ಕಣ್ಣು ತಿರುಗಿಸಿದವು. 1978ರಲ್ಲಿ ತರಬೇತಿ, ಸರ್ಟಿಫಿಕೇಟು ಮತ್ತು ಪಹರೆಯ ಒಪ್ಪಂದವಾಯಿತು, ಎಸ್.ಟಿ.ಸಿ.ಡಬ್ಲ್ಯು. ಎಂದು ಅದರ ಹೆಸರು. 1984ರಲ್ಲಿ ಜಾರಿಗೆ ಬಂತು. ಮೊದಮೊದಲು ಆಯಾ ದೇಶದ ಅಧಿಕಾರಿಗೆ ತೃಪ್ತಿಯಾದರೆ ಸಾಕು ಎಂದಿದ್ದುದನ್ನು 1995ರಲ್ಲಿ ಬಿಗಿಗೊಳಿಸಿದರು. 2010ರಲ್ಲಿ ಮನಿಲಾದಲ್ಲಿ ಮತ್ತೆ ತಿದ್ದಿದರು.

ಕಪ್ತಾನ, ಮೇಟ್, ಎಂಜಿನಿಯರುಗಳಿಗೆ ದರ್ಜೆ ದರ್ಜೆಯ ಅರ್ಹತಾಪತ್ರಗಳಿವೆ. ಅದು ದೊಡ್ಡ ಓದಿನ ದಾರಿ. ಹತ್ತನೇ ಕ್ಲಾಸಿನ ಹುಡುಗನ ದಾರಿ ರೇಟಿಂಗ್, ಅಂದರೆ ಹಿಂದಿನವರ ಮಾತಿನಲ್ಲಿ ಖಲಾಸಿ. ಸರಕಾರದ ಮನ್ನಣೆ ಇರುವ ಶಾಲೆಯಲ್ಲಿ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ, ಕೊನೆಯಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೈದರ ಒಳಗೆ, ಹತ್ತನೇ ಕ್ಲಾಸಿನಲ್ಲಿ ವಿಜ್ಞಾನ, ಗಣಿತ, ಇಂಗ್ಲಿಷು ಓದಿರಬೇಕು, ಇಂಗ್ಲಿಷಿನಲ್ಲಿ ನೂರಕ್ಕೆ ನಲವತ್ತು ಬಂದಿರಬೇಕು. ವೈದ್ಯಕೀಯ ಪರೀಕ್ಷೆಯೂ ಇದೆ. ಇಲ್ಲಿ ನಮ್ಮ ಒಂದು ಬಿನ್ನಹ: ದುಡ್ಡು ಕಟ್ಟುವ ಮೊದಲೇ ಹುಡುಗನ ಕಣ್ಣು ತೋರಿಸಿರಿ. ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದು ಅದರ ಎಡಗಡೆಯ ಕೆಂಪು ದೀಪ, ಬಲಗಡೆಯ ಹಸಿರು ದೀಪ ನೋಡಿ. ಕೆಂಪು ಹಸಿರು ಬೇರೆಯಾಗಿ ಕಾಣದವರಿಗೆ ಡೆಕ್ಕಿನ ಕೆಲಸವಿಲ್ಲ. ಹಾಗೆ ಹುಟ್ಟಿದವರಲ್ಲಿ ಎಷ್ಟೋ ಮಂದಿಗೆ ಅದು ದೊಡ್ಡವರಾಗುವ ತನಕ ಗೊತ್ತೇ ಆಗುವುದಿಲ್ಲ.

ಎಲ್ಲರಿಗೂ ಕಡ್ಡಾಯವಾದ ಪ್ರಾಥಮಿಕ ಪಾಠಗಳು ನಾಲ್ಕು: ನೀರಿನಲ್ಲಿ ಬದುಕಿ ಉಳಿಯುವುದು, ಬೆಂಕಿ ತಡೆಯುವುದು ಮತ್ತು ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನಲ್ಲಿ ತನ್ನ ಮತ್ತು ಜೊತೆಯವರ ಸುರಕ್ಷೆ. ಜೊತೆಗೆ ಭದ್ರತೆಯ ಪಾಠವೊಂದುಂಟು. ನೀರಿನ ಪಾಠವನ್ನು ಕೊಳದಲ್ಲಿಯೇ ಕಲಿಯಬೇಕು. ಜಾಕೆಟ್ಟು ತೊಟ್ಟು ಎತ್ತರದಿಂದ ನೀರಿಗೆ ಹಾರಬೇಕು, ಮಗುಚಿದ ರಬ್ಬರು ತೆಪ್ಪವನ್ನು ನೀರಿನಲ್ಲೇ ನಿಂತು ಸರಿಮಾಡಬೇಕು, ಅದರೊಳಗೆ ಹತ್ತಬೇಕು. ಬೆಂಕಿಯ ಪಾಠದಲ್ಲಿ ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಹೊಗೆಯೊಳಗೆ ಹೋಗಬೇಕು. ಐದು ವರ್ಷಕ್ಕೊಮ್ಮೆ ಇವನ್ನು ಮತ್ತೆ ಮಾಡಿ ತೋರಿಸಬೇಕು. ಇದರ ಜೊತೆಗೆ ಇಂಡೋಸ್ ನಂಬರು, ಸಿ.ಡಿ.ಸಿ. ಎಂಬ ನಾವಿಕನ ಪುಸ್ತಕ. ಯಾವ ಹಡಗಿಗೆ ಎಂದು ಹತ್ತಿದ, ಎಂದು ಇಳಿದ ಎಂಬುದೆಲ್ಲ ಆ ಪುಸ್ತಕದಲ್ಲಿ ದಾಖಲಾಗುತ್ತದೆ. ನಮ್ಮ ಹಳಬರ ಸರ್ವೀಸ್ ಕಾರ್ಡು ಇದ್ದ ಹಾಗೆ ಎಂದು ತಿಳಿಯಿರಿ.

ಈಗ ಮನಸ್ಸಿಗೆ ನೋವಾಗುವ ಒಂದು ಸಂಗತಿ. ನಮ್ಮ ಕಡೆಯ ಒಬ್ಬ ತಂದೆ ತಾನು ಪಿಂಚಣಿಯಾದಾಗ ಬಂದ ಗ್ರಾಚ್ಯುಟಿಗೆ ಹೆಂಡತಿಯ ಚಿನ್ನವನ್ನೂ ಸೇರಿಸಿ ಮೂರೂವರೆ ಲಕ್ಷ ರೂಪಾಯಿಯನ್ನು ಒಬ್ಬ ಏಜೆಂಟನ ಕೈಗೆ ಕೊಟ್ಟರು. ರಸೀದಿ ಇಲ್ಲ. ಒಂದು ವಾರದಲ್ಲಿ ಹುಡುಗನ ಕೈಗೆ ನಾಲ್ಕೂ ಸರ್ಟಿಫಿಕೇಟು ಬಂದವು. ಅವನು ಕೊಳ ನೋಡಿಲ್ಲ, ಬೆಂಕಿ ನೋಡಿಲ್ಲ. ಅವನಿಗೆ ಈಜು ಬಾರದು. ವಿಸಿಟ್ ವೀಸಾದಲ್ಲಿ ಕೊಲ್ಲಿಯ ಒಂದು ರೇವಿಗೆ ಕಳುಹಿಸಿ, ಒಂದು ಹಳೆಯ ಎಣ್ಣೆ ಹಡಗಿಗೆ ಹತ್ತಿಸಿದರು. ಏಳು ತಿಂಗಳು ಸಂಬಳವಿಲ್ಲ. ಕುಡಿಯುವ ನೀರಿಗೂ ಲೆಕ್ಕ. ನಾವು ಕೆಲವರು ಕೂತು ಎಲ್ಲಿಗೆಲ್ಲಿಗೋ ಪತ್ರ ಬರೆದೆವು. ಅವನು ಜೀವಸಹಿತ ಬಂದ, ಹಣ ಬರಲಿಲ್ಲ. ದೂರು ಕೊಡಲು ಹೋದರೆ, ಸುಳ್ಳು ಸರ್ಟಿಫಿಕೇಟು ಹಿಡಿದುಕೊಂಡು ಹೋದವನು ನೀನೇ ಅಲ್ಲವೇ ಎಂದು ಮೊದಲ ಪ್ರಶ್ನೆ ಅವನ ಮೇಲೆಯೇ ಬಿತ್ತು. ಅವನೂ ಅವನ ಮನೆಯವರೂ ಒಪ್ಪಿದ್ದರಿಂದಲೇ ಇದನ್ನು ಹೇಳುತ್ತಿದ್ದೇವೆ. ಯಾರೂ ಅವರನ್ನು ಈ ವಿಷಯ ಎತ್ತಿ ಹಂಗಿಸಬಾರದು.

ಒಬ್ಬರು ಕೇಳಿದರು: ಕಾಗದ ಸುಳ್ಳಾದರೇನು, ಕೆಲಸ ಹಡಗಿನಲ್ಲೇ ಕಲಿಯಬಹುದಲ್ಲ? ಗುಡಿಸುವುದನ್ನೂ ಬಣ್ಣ ಬಳಿಯುವುದನ್ನೂ ಕಲಿಯಬಹುದು. ರಾತ್ರಿ ಎರಡು ಗಂಟೆಗೆ ಬೆಂಕಿಯ ಗಂಟೆ ಹೊಡೆದಾಗ ಕಲಿಯಲು ಪುರುಸೊತ್ತು ಎಲ್ಲಿದೆ? 1990ರ ಏಪ್ರಿಲ್‌ನಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಎಂಬ ಪ್ರಯಾಣಿಕರ ಹಡಗಿಗೆ ಬೆಂಕಿ ಬಿದ್ದು 159 ಜನ ಸತ್ತರು. ಅಲ್ಲಿನ ಕೆಲಸಗಾರರಲ್ಲಿ ಅನೇಕರು ಆ ಹಡಗಿಗೆ ಹೊಸಬರು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದವರು. ಬೆಂಕಿಯ ಅಭ್ಯಾಸವೂ ಆಗಿರಲಿಲ್ಲ.

ನಮ್ಮ ಕಡಲನ್ನೇ ನೋಡೋಣ. 2025ರ ಮೇ 24ರಂದು ಕೊಚ್ಚಿಯ ಹೊರಗೆ ಎಂ.ಎಸ್.ಸಿ. ಎಲ್ಸಾ 3 ಎಂಬ ಕಂಟೇನರ್ ಹಡಗು ಒಂದು ಬದಿಗೆ ವಾಲಿತು, ಮರುದಿನ ಮುಳುಗಿತು. 640 ಕಂಟೇನರುಗಳು, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು. ದಡಕ್ಕೆಲ್ಲ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ಮೀನುಗಾರರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಆದರೆ ಅದರಲ್ಲಿದ್ದ 24 ಮಂದಿಯೂ ಬದುಕಿದರು. ಇಪ್ಪತ್ತೊಂದು ಮಂದಿಯನ್ನು ಕರಾವಳಿ ಕಾವಲು ಪಡೆ ಮೊದಲು ಎತ್ತಿಕೊಂಡಿತು. ಕಪ್ತಾನ ಮತ್ತು ಇಬ್ಬರು ಎಂಜಿನಿಯರುಗಳು ಹಡಗಿನಲ್ಲೇ ಉಳಿದು ಕೊನೆಗೆ ನೌಕಾಪಡೆಯ ಹಡಗಿಗೆ ಹತ್ತಿದರು.

ಎರಡು ವಾರ ಕಳೆದಿತ್ತಷ್ಟೇ, ಜೂನ್ 9ರಂದು ಕಣ್ಣೂರಿನ ಅಳಿಕ್ಕಲ್ ಕಡಲಿನಾಚೆ ವಾನ್ ಹೈ 503 ಎಂಬ ಹಡಗಿನ ಕಂಟೇನರುಗಳಲ್ಲಿ ಸ್ಫೋಟವಾಗಿ ಬೆಂಕಿ ಹಬ್ಬಿತು. 22 ಮಂದಿ ಇದ್ದರು. ಚೀನಾ, ತೈವಾನ್, ಮ್ಯಾನ್ಮಾರ್, ಇಂಡೋನೇಷ್ಯಾದವರು. ಹದಿನೆಂಟು ಮಂದಿ ಹಡಗು ಬಿಟ್ಟು ಪಾರಾದರು. ಅವರನ್ನು ನೌಕಾಪಡೆಯ ಸೂರತ್ ಹಡಗು ಅದೇ ರಾತ್ರಿ ನವಮಂಗಳೂರು ಬಂದರಿಗೆ ತಂದಿತು. ಸುಟ್ಟಗಾಯವಾದವರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ನಾಲ್ಕು ಮಂದಿ ಆ ದಿನ ನಾಪತ್ತೆಯಾದರು. ಅವರೂ ಯಾರದೋ ಮನೆಯ ಮಕ್ಕಳು. ಹಡಗು ಬಿಡುವುದೂ ಕಲಿತ ಕೆಲಸವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗೆಂದು ಕಾಗದವೊಂದಿದ್ದರೆ ಎಲ್ಲ ಆಯಿತು ಎಂದಲ್ಲ. ಈ ಮಾತನ್ನು ಸಂಘದ ಕಾರ್ಯಕರ್ತರಾಗಿ ನಾವು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 1987ರ ಮಾರ್ಚ್ 6ರಂದು ಬೆಲ್ಜಿಯಂ ದೇಶದ ಝೀಬ್ರೂಗ್ ರೇವಿನಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಇಂಗ್ಲಿಷ್ ಹಡಗು ಹೊರಟಿತು. ಲಾರಿ, ಕಾರುಗಳು ನೇರವಾಗಿ ಒಳಗೆ ನುಗ್ಗುವಂಥ ಹಡಗು. ಮುಂಭಾಗದಲ್ಲಿ ದೊಡ್ಡ ಬಾಗಿಲು. ಆ ಬಾಗಿಲು ಮುಚ್ಚದೆಯೇ ಹೊರಟಿತು. ನೀರು ನುಗ್ಗಿ, ರೇವು ದಾಟಿದ ಸ್ವಲ್ಪ ಹೊತ್ತಿನಲ್ಲೇ ಪಕ್ಕಕ್ಕೆ ಮಗುಚಿತು. 193 ಜನ ಸತ್ತರು.

ಬಾಗಿಲು ಮುಚ್ಚಬೇಕಾದವನು ಸಹಾಯಕ ಬೋಸನ್ ಎಂಬ ಕೆಳದರ್ಜೆಯ ಕೆಲಸಗಾರ. ಕೆಲಸ ಮುಗಿಸಿ ಕ್ಯಾಬಿನ್ನಿನಲ್ಲಿ ಮಲಗಿದ್ದವನಿಗೆ ಎಚ್ಚರವಾಗಲಿಲ್ಲ. ಮಾತು ಇಲ್ಲಿಗೇ ಮುಗಿದಿದ್ದರೆ ತಪ್ಪೆಲ್ಲ ಅವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಫ್ಯಾಕ್ಟರಿಯ ರೋಲರಿನಲ್ಲಿ ಕೈ ಸಿಕ್ಕಿಕೊಂಡಾಗಲೂ ಹಾಗೆಯೇ ಅಲ್ಲವೇ, ಅಜಾಗರೂಕತೆ ಎಂದು ಒಂದು ಸಾಲು ಬರೆದು ಕಡತ ಮುಚ್ಚುವುದು? ಆದರೆ ಅಲ್ಲಿನ ವಿಚಾರಣೆ ಮೇಲಕ್ಕೆ ಹೋಯಿತು. ಬಾಗಿಲು ಮುಚ್ಚಿದ್ದನ್ನು ನೋಡಬೇಕಾಗಿದ್ದ ಮುಖ್ಯ ಅಧಿಕಾರಿ, ಹೊತ್ತಿಗೆ ಸರಿಯಾಗಿ ಹೊರಡಬೇಕೆಂಬ ಒತ್ತಡದಲ್ಲಿ ಮೊದಲೇ ಮೇಲೆ ಹೋಗಿದ್ದ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕಪ್ತಾನನಿಗೆ ನಿಂತಲ್ಲಿಂದ ಕಾಣುತ್ತಿರಲಿಲ್ಲ. ಅದಕ್ಕೊಂದು ಸೂಚನಾದೀಪ ಹಾಕಿಸಿಕೊಡಿ ಎಂದು ಅದೇ ಕಂಪೆನಿಯ ಕಪ್ತಾನರು ಹಿಂದೆಯೇ ಬರೆದು ಕೇಳಿದ್ದರು. ಕಚೇರಿಯಲ್ಲಿ ಅದನ್ನು ಹಗುರವಾಗಿ ತಳ್ಳಿಹಾಕಿದ್ದರು. ಒಂದು ದೀಪ! ತಪ್ಪು ಹಡಗಿನಲ್ಲಷ್ಟೇ ಅಲ್ಲ, ಕಂಪೆನಿಯ ಮೇಲಿನ ಮೆಟ್ಟಿಲ ತನಕವೂ ಇದೆ ಎಂದು ವಿಚಾರಣೆ ನಡೆಸಿದ ನ್ಯಾಯಾಧೀಶರು ಬರೆದರು. ಕಂಪೆನಿಯ ಮೇಲೆ ನರಹತ್ಯೆಯ ಮೊಕದ್ದಮೆಯೂ ನಡೆಯಿತು. 1990ರಲ್ಲಿ ಅದು ಬಿದ್ದುಹೋಯಿತು. ಆದರೂ ಒಂದು ಫಲ ಬಂತು. ಹಡಗಿನ ಕಂಪೆನಿಯ ಆಡಳಿತವೇ ಸುರಕ್ಷೆಗೆ ಹೊಣೆ, ದಡದ ಕಚೇರಿಯಲ್ಲಿ ಅದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು, ಹಡಗಿನವರು ಹೇಳಿದ್ದು ಮೇಲಿನವರ ಕಿವಿಗೆ ಮುಟ್ಟಬೇಕು ಎಂಬ ಐ.ಎಸ್.ಎಂ. ನಿಯಮಾವಳಿ 1993ರಲ್ಲಿ ಬರೆದು, 1998ರಿಂದ ಕಡ್ಡಾಯವಾಯಿತು.

ಆ ಕೆಲಸಗಾರನ ನಿದ್ದೆಯ ಮಾತಿಗೂ ಬರೋಣ. ನಿದ್ದೆ ಮನುಷ್ಯನಿಗೆ ಬೇಕು. ಈಗಿನ ಎಸ್.ಟಿ.ಸಿ.ಡಬ್ಲ್ಯು. ನಿಯಮದಲ್ಲಿ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಯಾವುದೇ ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಅದರಲ್ಲಿ ಒಂದು ತುಂಡು ಆರು ಗಂಟೆಗೆ ಕಡಿಮೆ ಇರಬಾರದು. ಇದರ ಪುಸ್ತಕ ಇಟ್ಟು ಕೆಲಸಗಾರನ ರುಜು ಹಾಕಿಸಬೇಕು. ಮಾಡದ ವಿಶ್ರಾಂತಿಗೆ ರುಜು ಹಾಕಿಸುವುದೂ ಹಡಗುಗಳಲ್ಲಿ ನಡೆಯುತ್ತದೆ ಎಂದು ಕಡಲಿನಲ್ಲಿ ದುಡಿದು ಬಂದವರು ನಮಗೆ ಹೇಳಿದ್ದಾರೆ. ಮಸ್ಟರಿನ ಪುಸ್ತಕ ಎಲ್ಲಾ ಕಡೆ ಒಂದೇ ಜಾತಿ.

ಕಪ್ತಾನನ ಮೇಲೂ ಯಜಮಾನನ ಲೆಕ್ಕಾಚಾರ ಕೂತಿರುತ್ತದೆ ಎಂಬುದು ಇಂದಿನ ಮಾತಲ್ಲ. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಕಾಲ ಮೀರಿದೆ, ಈಗ ಹೊರಡುವುದು ಬೇಡ ಎಂದು ಕೈದಿಯಾಗಿದ್ದ ಸಂತ ಪೌಲ ಹೇಳಿದ. ಶತಾಧಿಪತಿ ಹಡಗಿನ ಯಜಮಾನನ ಮತ್ತು ಚುಕ್ಕಾಣಿಗಾರನ ಮಾತನ್ನು ನಂಬಿದ. 276 ಮಂದಿಯಿದ್ದ ಹಡಗು ಒಡೆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು. ಆದರೂ ಮುಂಬಯಿಯ ಎಣ್ಣೆ ಬಾವಿಗಳ ಹತ್ತಿರ ಪಿ 305 ಎಂಬ ಬಾರ್ಜು 261 ಮಂದಿಯನ್ನು ಇಟ್ಟುಕೊಂಡು ಕಡಲಿನಲ್ಲೇ ಇತ್ತು. ಲಂಗರು ನಿಲ್ಲಲಿಲ್ಲ, ಮೇ 17ರ ಸಂಜೆ ಅದು ಮುಳುಗಿತು. ನೌಕಾಪಡೆಯವರು ಪ್ರಾಣ ಒತ್ತೆಯಿಟ್ಟು 186 ಮಂದಿಯನ್ನು ನೀರಿನಿಂದ ಎತ್ತಿದರು. ಅದರಲ್ಲೂ ವರಪ್ರದ ಎಂಬ ಟಗ್ಗಿನಲ್ಲೂ ಸೇರಿ 86 ಮಂದಿ ತೀರಿಕೊಂಡರು. ಬಾರ್ಜಿನಲ್ಲಿದ್ದವರಲ್ಲಿ ಹೆಚ್ಚಿನವರು ನಾವಿಕರೇ ಅಲ್ಲ. ವೆಲ್ಡರು, ಫಿಟ್ಟರು, ಅಡುಗೆಯವರು, ಕಾಂಟ್ರಾಕ್ಟಿನ ಕೂಲಿಗಳು. ಕಡಲಿನ ಕೆಲಸ ಎಂದು ಕರೆದಾಗ ಅದು ಹಡಗೋ ಬಾರ್ಜೋ, ನನ್ನನ್ನು ಖಲಾಸಿ ಎಂದು ಬರೆದುಕೊಳ್ಳುತ್ತಾರೋ ಕೂಲಿ ಎಂದೋ ಎಂದು ಕೇಳಿಯೇ ಹೋಗಬೇಕು. ಎರಡಕ್ಕೂ ಕಾನೂನು ಬೇರೆ ಬೇರೆ. ಮೀನಿನ ಬೋಟುಗಳಿಗೆ ಅಂತೂ ನಾವು ಇಂದು ಹೇಳುತ್ತಿರುವ ಹೆಚ್ಚಿನ ನಿಯಮ ಅನ್ವಯಿಸುವುದೇ ಇಲ್ಲ.

ಇನ್ನು ಹಣದ ಮಾತು. ನಮ್ಮ ಅಜ್ಜಂದಿರನ್ನು ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟ ಹತ್ತಿಸಿ ತಂದದ್ದನ್ನು ನೀವು ಕೇಳಿ ಬೆಳೆದವರು. ಬೊಂಬಾಯಿ, ಕಲ್ಕತ್ತೆಯ ರೇವಿನಲ್ಲೂ ಅಂಥದೇ ಮೇಸ್ತ್ರಿ ಇದ್ದ. ಅವನನ್ನು ಘಾಟ್ ಸೆರಾಂಗ್ ಎನ್ನುತ್ತಿದ್ದರು. ಇಂಗ್ಲಿಷರ ಹಡಗಿಗೆ ಖಲಾಸಿಗಳನ್ನು ಒದಗಿಸುವವನು ಅವನೇ. ಲಂಚ ಕೊಟ್ಟವನಿಗೆ ಕೆಲಸ, ಕೊಡದವನು ರೇವಿನಲ್ಲೇ ತಿಂಗಳುಗಟ್ಟಲೆ ಕಾಯಬೇಕು, ಕಾಯುವಾಗಿನ ಊಟದ ಸಾಲವೂ ಅವನ ಹತ್ತಿರವೇ. ಆ ಪದ್ಧತಿಯ ವಿರುದ್ಧ ನಾವಿಕರ ಸಂಘಗಳು ದಶಕಗಳ ಕಾಲ ಹೋರಾಡಿದವು.

2006ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಡಲ ಕಾರ್ಮಿಕರ ಒಪ್ಪಂದ ಮಾಡಿತು. 2013ರ ಆಗಸ್ಟ್ 20ರಂದು ಅದು ಜಾರಿಗೆ ಬಂತು. 2015ರಲ್ಲಿ ಭಾರತವೂ ಒಪ್ಪಿತು. ಅದರ ಒಂದು ಮಾತನ್ನು ಎಲ್ಲರೂ ನೆನಪಿಡಿರಿ: ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳಬಾರದು. ಪಾಸ್‌ಪೋರ್ಟು, ನಾವಿಕನ ಪುಸ್ತಕ, ವೈದ್ಯಕೀಯ ಪತ್ರ ಇವುಗಳ ಖರ್ಚು ಮಾತ್ರ ಅವನದು. ವೀಸಾದ ಖರ್ಚು ಸಹ ಯಜಮಾನನದು. ತರಬೇತಿ ಶಾಲೆಯ ಫೀಸು ಬೇರೆ, ಅದು ಶಾಲೆಗೆ, ರಸೀದಿಯ ಮೇಲೆ. ಹಡಗಿಗೆ ಹತ್ತಿಸುತ್ತೇನೆ, ಇಷ್ಟು ಲಕ್ಷ ಕೊಡು ಎಂದವನು ಅಲ್ಲಿಗೇ ಕಾನೂನು ಮುರಿದಂತಾಯಿತು. ಅಷ್ಟೇ ಅಲ್ಲ, ನಾವಿಕರನ್ನು ಕಳುಹಿಸುವ ಏಜೆಂಟನಿಗೆ ಮುಂಬಯಿಯ ಹಡಗು ಮಹಾನಿರ್ದೇಶನಾಲಯದ ಆರ್.ಪಿ.ಎಸ್.ಎಲ್. ಲೈಸೆನ್ಸು ಇರಲೇಬೇಕು. ಲೈಸೆನ್ಸು ಇದ್ದವರ ಪಟ್ಟಿ, ಮನ್ನಣೆ ಪಡೆದ ಶಾಲೆಗಳ ಪಟ್ಟಿ ಎರಡನ್ನೂ ಆ ಕಚೇರಿಯ ಜಾಲತಾಣದಲ್ಲಿ ನೋಡಬಹುದು. ಹೆಚ್ಚಿನ ಎಲ್ಲ ಹುಡುಗರ ಕೈಯಲ್ಲೂ ಫೋನ್ ಇದೆ. ಹಾಡು ನೋಡುವ ಹೊತ್ತಿನಲ್ಲಿ ಹತ್ತು ನಿಮಿಷ ಇದನ್ನು ನೋಡಲಿ. ನಮ್ಮ ದೇಶದಲ್ಲಿ ಇದಕ್ಕೆಲ್ಲ ಬುಡ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ. ಅದರ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆ.

ಅದೇ ಒಪ್ಪಂದದಂತೆ ಹದಿನಾರಕ್ಕೆ ಕೆಳಗಿನವರನ್ನು ಹಡಗಿಗೆ ತೆಗೆದುಕೊಳ್ಳಬಾರದು. ಕರಾರುಪತ್ರಕ್ಕೆ ಎರಡೂ ಕಡೆಯವರ ರುಜು ಇದ್ದು ಒಂದು ಪ್ರತಿ ನಾವಿಕನ ಕೈಯಲ್ಲಿರಬೇಕು. ಸಂಬಳ ತಿಂಗಳಿಗೊಮ್ಮೆ, ಲೆಕ್ಕದ ಚೀಟಿಯೊಂದಿಗೆ. ಹನ್ನೆರಡು ತಿಂಗಳ ಒಳಗೆ ಮನೆಗೆ ಕಳುಹಿಸಬೇಕು, ಖರ್ಚು ಯಜಮಾನನದು. ಹಡಗಿನಲ್ಲೇ ದೂರು ಕೊಡಲು ಕ್ರಮ ಇರಬೇಕು, ದೂರು ಕೊಟ್ಟವನನ್ನು ಪೀಡಿಸಬಾರದು.

ಹಡಗನ್ನೂ ನಾವಿಕರನ್ನೂ ಪರದೇಶದ ರೇವಿನಲ್ಲಿ ಬಿಟ್ಟು ಯಜಮಾನ ಕಾಣೆಯಾಗುವುದೂ ಉಂಟು. ತೋಟ ಮುಚ್ಚಿ ದೊರೆ ಓಡಿಹೋದಾಗ ಏನಾಗುತ್ತದೆಂದು ಬಲ್ಲ ಜನ ನಾವು. ಆದರೆ ನಮಗೆ ಕಾಲಡಿಯಲ್ಲಿ ನೆಲವಾದರೂ ಇತ್ತು, ಸೊಪ್ಪು ಸದೆ ಕಿತ್ತು ಬೇಯಿಸಿಕೊಂಡೆವು. ಹಡಗಿನಲ್ಲಿ ಅದೂ ಇಲ್ಲ, ಇಳಿಯಲು ವೀಸಾ ಇಲ್ಲ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವಾದ ಐ.ಟಿ.ಎಫ್.ನ ಲೆಕ್ಕದಂತೆ 2024ರಲ್ಲಿ ಹೀಗೆ ಕೈಬಿಟ್ಟ ಹಡಗುಗಳು 300ಕ್ಕೂ ಹೆಚ್ಚು, ನಾವಿಕರು 3,000ಕ್ಕೂ ಹೆಚ್ಚು. ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿ ಭಾರತದವರು. 2017ರ ಜನವರಿಯಿಂದ ಇದಕ್ಕೊಂದು ಏರ್ಪಾಡಿದೆ. ಎರಡು ತಿಂಗಳು ಸಂಬಳ ಕೊಡದಿದ್ದರೆ, ಊಟ ನೀರು ಕೊಡದಿದ್ದರೆ, ಮನೆಗೆ ಕಳುಹಿಸದಿದ್ದರೆ ಅದು ಕೈಬಿಟ್ಟದ್ದೆಂದೇ ಲೆಕ್ಕ. ಊಟ ನೀರು, ಮನೆಗೆ ಬರುವ ಖರ್ಚು, ನಾಲ್ಕು ತಿಂಗಳ ತನಕದ ಬಾಕಿ ಸಂಬಳಕ್ಕೆ ಯಜಮಾನ ಮೊದಲೇ ವಿಮೆ ಇಟ್ಟಿರಬೇಕು. ಅದರ ಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರಬೇಕು. ಹತ್ತಿದ ದಿನವೇ ಹುಡುಗ ಆ ಪತ್ರವನ್ನು ಹುಡುಕಿ ಫೋಟೋ ತೆಗೆದು ಮನೆಗೆ ಕಳುಹಿಸಲಿ. ದೊಡ್ಡ ರೇವುಗಳಲ್ಲಿ ಐ.ಟಿ.ಎಫ್. ಇನ್‌ಸ್ಪೆಕ್ಟರುಗಳಿದ್ದಾರೆ. 1920ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದ ಸ್ಟೆಲ್ಲಾ ಮಾರಿಸ್ ಎಂಬ ನಮ್ಮ ಸಭೆಯ ಸೇವೆಯವರೂ ಹಡಗು ಹತ್ತಿ ನಾವಿಕರನ್ನು ವಿಚಾರಿಸುತ್ತಾರೆ. ಯಾವ ಜಾತಿ, ಯಾವ ಮತ ಎಂದು ಕೇಳುವುದಿಲ್ಲ.

ಭಾಷಣ ಮುಗಿಯುವ ಹೊತ್ತಿಗೆ ಒಬ್ಬ ತಾಯಿ ಕೇಳಿದರು: ಇಷ್ಟೆಲ್ಲ ಹೇಳಿ ನಮ್ಮ ಮಗನನ್ನು ಹೋಗಬೇಡ ಎನ್ನುತ್ತೀರಾ, ಹೋಗು ಎನ್ನುತ್ತೀರಾ? ಹೋಗಲಿ ಎನ್ನುತ್ತೇವೆ, ಅಮ್ಮ. ಸರಿಯಾದ ಶಾಲೆಯಲ್ಲಿ ಕಲಿತು, ನಿಜವಾದ ಪುಸ್ತಕ ಹಿಡಿದು ಹಡಗು ಹತ್ತಿದವರು ಮನೆ ಕಟ್ಟಿದ್ದನ್ನೂ ತಂಗಿಯರನ್ನು ಓದಿಸಿದ್ದನ್ನೂ ನಾವು ಬಲ್ಲೆವು. ಶಾಲೆ ಮುಗಿದ ಕೂಡಲೇ ಹಡಗು ಸಿಗುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ. ಕಾಯುವ ತಿಂಗಳುಗಳಿಗೂ ಮನೆಯಲ್ಲಿ ಲೆಕ್ಕ ಇಟ್ಟಿರಬೇಕು. ಆ ಕಾಯುವ ಹೊತ್ತಿನಲ್ಲೇ ಏಜೆಂಟನ ಮಾತು ಸಿಹಿಯಾಗಿ ಕೇಳುವುದು.

ಮುಂದಿನ ಭಾನುವಾರದಿಂದ, ಪೂಜೆ ಮುಗಿದ ಮೇಲೆ, ಸಂಘದ ಕೋಣೆಯಲ್ಲಿ ನಮ್ಮಲ್ಲಿ ಇಬ್ಬರು ಹನ್ನೆರಡು ಗಂಟೆಯ ತನಕ ಕೂತಿರುತ್ತೇವೆ. ಏಜೆಂಟನ ಹೆಸರು, ಲೈಸೆನ್ಸ್ ನಂಬರು, ಶಾಲೆಯ ಹೆಸರು, ಅವರು ಕೊಟ್ಟ ಕಾಗದ ಏನಿದ್ದರೂ ತನ್ನಿ. ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಅಲ್ಲೇ ನೋಡಿ ಹೇಳುತ್ತೇವೆ. ಪಿ.ಎಫ್. ಮುಂಗಡಕ್ಕೆ ಅರ್ಜಿ ಬರೆಸಲಿಕ್ಕೆ ಬರುವವರು ಅದಕ್ಕೆ ಮೊದಲೇ ಇದನ್ನು ತೋರಿಸಿಕೊಂಡು ಹೋಗಿರಿ.